ಮರುಗಾವತಿಯ ಮಣೆ

ಏಳು ಬಾವಿ ಸೀಮೆಯಲ್ಲಿ ಕುದುರೆಗಳು ಹಿಂದಕ್ಕೆ ನಡೆಯುತ್ತವೆ. ಯಾಕೆ ಅಂತ ಕೇಳಿದರೆ ಸುಧಾರಾಣಿ ಹೊಲಿಗೆ ನಿಲ್ಲಿಸದೆಯೇ ಹೇಳುತ್ತಾಳೆ. ಆ ಸೀಮೆಯ ರಾಜ ಯುದ್ಧಕ್ಕೆ ಹೊರಟಾಗ ಬಾಗಿಲಲ್ಲಿ ನಿಂತ ಹೆಂಡತಿಯ ಮುಖ ಕಣ್ಣಿಂದ ಮರೆಯಾಗಬಾರದೆಂದು ಕುದುರೆಯನ್ನು ಹಿಮ್ಮುಖವಾಗಿ ನಡೆಸಿದನಂತೆ. ರಾಜ ತಿರುಗಿ ಬರಲಿಲ್ಲ, ಕುದುರೆ ಬಂತು. ಅಂದಿನಿಂದ ಅಲ್ಲಿಯ ಕುದುರೆಗಳಿಗೆ ಅದೇ ರೂಢಿ. ಅಲ್ಲಿ ಒಬ್ಬ ಮುದುಕಿ ಸಂತೆಯಲ್ಲಿ ಕೂತು ವರ್ಷಗಳನ್ನು ಸೇರಿನಲ್ಲಿ ಅಳೆದು ಮಾರುತ್ತಾಳೆ, ಕೊಸರು ಹಾಕು ಎಂದವರಿಗೆ ಒಂದು ಮಧ್ಯಾಹ್ನ ಹೆಚ್ಚಿಗೆ ಕೊಡುತ್ತಾಳೆ. ಒಂದು ಬಾವಿಯಲ್ಲಿ ನೀರು, ಇನ್ನೊಂದರಲ್ಲಿ ಹಾಲು, ಮತ್ತೊಂದರಲ್ಲಿ ನಿದ್ದೆ, ಹೀಗೆ ಆರು ಬಾವಿಗಳಲ್ಲಿ ಒಂದೊಂದು ಐಶ್ವರ್ಯ. ಏಳನೆಯದರಲ್ಲಿ ಏನೂ ಇಲ್ಲ. ಆ ಏನೂ ಇಲ್ಲದ ಬಾವಿಗೇ ತಾಮ್ರಜಂಘನೆಂಬ ರಾಕ್ಷಸ ಕಾವಲು.

ಇದೆಲ್ಲ ಸಿರುಗುಪ್ಪ ತಾಲೂಕಿನ ಕೆಂಚನಗುಡ್ಡದ ಜನ ತಲೆಮಾರುಗಳಿಂದ ಆಡಿಕೊಂಡು ಬಂದ ಬಯಲಾಟದ ಲೋಕ. ಸುಧಾರಾಣಿ ಈಗಿರುವ ಲೋಕ ಬೇರೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ತಗಡಿನ ಶೆಡ್ಡು, ಸಾಲು ಮಷೀನು, ಸದ್ದು. ಅಲ್ಲಿ ಆಕೆ ಜೀನ್ಸ್ ಪ್ಯಾಂಟಿಗೆ ಬೆಲ್ಟಿನ ಲೂಪು ಹೊಲಿಯುತ್ತಾಳೆ. ಬೆರಳ ತುದಿಗೆ ಹತ್ತಿದ ನೀಲಿ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಸಂಜೆ ಪಾರ್ವತಿನಗರದ ಒಂದು ಮನೆಯ ಮಾಳಿಗೆಯ ಮೇಲಿನ ಕೋಣೆಗೆ ಹೋಗಿ ಒಬ್ಬಳಿಗೇ ಅನ್ನಕ್ಕಿಡುತ್ತಾಳೆ. ಒಬ್ಬರಿಗೆ ಅನ್ನ ಮಾಡುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ಹಿಡಿ ಅಕ್ಕಿ ಹೆಚ್ಚಾದರೆ ನಾಳೆಗೂ ಅದೇ, ಕಡಿಮೆಯಾದರೆ ಕೇಳುವವರಿಲ್ಲ. ಹಿಂದೊಮ್ಮೆ ಆಕೆಯನ್ನು ಆದೋನಿ ಕಡೆ ಕೊಟ್ಟಿದ್ದರು. ಆ ಪುಣ್ಯಾತ್ಮ ಮೊದಲೇ ಒಬ್ಬಳನ್ನು ಕಟ್ಟಿಕೊಂಡಿದ್ದನೆಂದು ಮದುವೆಯಾದ ಮೇಲೆ ತಿಳಿಯಿತು. ಸುಧಾರಾಣಿ ಟ್ರಂಕು ತಗೊಂಡು ಬಸ್ಸು ಹತ್ತಿದಳು, ಮುಗಿಯಿತು. ಅದರ ಬಗ್ಗೆ ಆಕೆಯೂ ಮಾತಾಡುವುದಿಲ್ಲ, ನಾವೂ ಬೇಡ.

ಊಟದ ಹೊತ್ತಿಗೆ ಪಕ್ಕದ ಮಷೀನಿನ ಮೀನಾ ಡಬ್ಬಿ ಬಿಚ್ಚಿ ಕೂತು "ಮುಂದ?" ಅನ್ನುತ್ತಿದ್ದಳು. ಆ ಒಂದು ಮಾತಿಗಾಗಿ ಸುಧಾರಾಣಿ ಬೆಳಗಿನಿಂದ ಕಾಯುತ್ತಿದ್ದಳು.

ಮೀನಾಗೆ ಬೇಕಾಗಿದ್ದದ್ದು ಮರುಗಾವತಿಯ ಕಥೆ. ಮರುಗಾವತಿ ಆ ಸೀಮೆಯ ರಾಜಕುಮಾರಿ. ತಾಮ್ರಜಂಘ ಬಂದು ನನ್ನನ್ನು ಮದುವೆಯಾಗು ಎಂದ. ಆಕೆ ಗೋಡೆಯ ಕಡೆ ಮುಖ ತಿರುಗಿಸಿ "ನಿನ್ನ ಮುಖ ನೋಡಲಾರೆ" ಎಂದಳು. "ನನ್ನ ಮುಖ ನೋಡದವಳ ಮುಖ ಜಗತ್ತೇ ನೋಡದಿರಲಿ" ಎಂದು ಆತ ಶಾಪ ಕೊಟ್ಟ. ಆ ಗಳಿಗೆಯಿಂದ ಆಕೆ ಯಾರ ಕಣ್ಣಿಗೂ ಬೀಳಲಿಲ್ಲ. ಆಕೆ ಮುಡಿದ ಮರುಗದ ವಾಸನೆ ಮಾತ್ರ ಅರಮನೆಯಲ್ಲಿ ಓಡಾಡುತ್ತಿತ್ತು. ಹೆತ್ತ ತಾಯಿ ಆಕೆಯ ಮೇಲೆಯೇ ಕೂರಲು ಬರುತ್ತಿದ್ದಳು, ಆಕೆಯೇ ಸರಿದು ನಿಲ್ಲುತ್ತಿದ್ದಳು. ಆಕೆಯನ್ನು ನೋಡಬಲ್ಲವನು ಲೋಕದಲ್ಲಿ ಒಬ್ಬನೇ, ಶಾಪ ಕೊಟ್ಟ ಆ ರಾಕ್ಷಸ.

"ಥೂ, ಅಂಥವನಿಗೆ ಕಂಡು ಏನು ಬಂತು" ಎಂದಿದ್ದಳು ಮೀನಾ. "ಬಿಡುಗಡಿ ಇಲ್ಲೇನಕ್ಕ ಆಕಿಗೆ?"

"ಐತಿ. ವರ್ಷ ಮಾರೋ ಮುದುಕಿ ಹೇಳ್ತಾಳ. ನೀನಿಲ್ಲ ಅಂತ ನಂಬಿದವರೇ ನಿನಗೊಂದು ಜಾಗ ಬಿಟ್ಟು ಕುಂತ ದಿನ ನಿನ್ನ ರೂಪ ನಿನಗ ಬರ್ತೈತಿ ಅಂತ."

ಮೀನಾ ಚಟ್ನಿ ಚೀಪುತ್ತ ಯೋಚಿಸಿದಳು. "ಇಲ್ಲ ಅಂತ ಗೊತ್ತಾದ ಮ್ಯಾಲೆ ಯಾರಕ್ಕ ಜಾಗ ಬಿಡ್ತಾರ? ಕುರುಗೋಡು ಬಸ್ನಾಗ ಎದುರಿಗೆ ನಿಂತರೂ ಬಿಡಂಗಿಲ್ಲ. ಯಾರು ಬಿಟ್ರು ಕಡೀಕೆ? ರಾಜಕುಮಾರನ ಇರ್ಬೇಕು."

ಸುಧಾರಾಣಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಆಟ ರಾತ್ರಿ ಶುರುವಾಗಿ ಬೆಳಗಿನವರೆಗೆ ನಡೆಯುತ್ತಿತ್ತು. ಕುದುರೆಯ ಪ್ರಸಂಗ, ಮುದುಕಿಯ ಪ್ರಸಂಗ, ಯುದ್ಧ ಎಲ್ಲ ಆಗುವಷ್ಟರಲ್ಲಿ ಕೋಳಿ ಕೂಗಿ, ಬಿಡುಗಡೆಯ ಪ್ರಸಂಗಕ್ಕೆ ಮೊದಲೇ ಮಂಗಳ ಹಾಡಿಬಿಡುತ್ತಿದ್ದರು. ಹೀಗಾಗಿ ಮರುಗಾವತಿ ಪ್ರತಿ ಸಲವೂ ಶಾಪದಲ್ಲೇ ಉಳಿದು, ಜನ ಕಂಬಳಿ ಕೊಡವಿಕೊಂಡು ಮನೆಗೆ ಹೋಗುತ್ತಿದ್ದರು.

ಇಲ್ಲಿ ಒಂದು ರೂಢಿ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆ ಊರಿನ ಆಟದಲ್ಲಿ ಒಂದೊಂದು ವೇಷ ಒಂದೊಂದು ಮನೆತನದ್ದು, ಹೊಲಮನೆ ಇದ್ದ ಹಾಗೆ. ರಾಜನ ವೇಷದ ಮನೆ ಬೇರೆ, ರಾಕ್ಷಸನ ಮನೆ ಬೇರೆ. ಅವರವರ ಮಾತು ಅವರವರ ಮನೆಯಲ್ಲಿ ಬಾಯಿಂದ ಬಾಯಿಗೆ ಇಳಿದು ಬರಬೇಕು. ಇನ್ನೊಬ್ಬರ ಮನೆಯ ಮಾತು ಕಲಿಯುವುದು ಕಳವಿಗೆ ಸಮ. ಸುಧಾರಾಣಿಯ ಅಪ್ಪ ಚಿದಾನಂದಪ್ಪನ ಮನೆಗೆ ಬಂದ ಪಾಲು ಮರುಗಾವತಿ, ಅಂದರೆ ಕಾಣದ ವೇಷ. ಅದಕ್ಕೆ ಬಣ್ಣವಿಲ್ಲ, ಕಿರೀಟವಿಲ್ಲ, ಗೆಜ್ಜೆಯಿಲ್ಲ. ಒಳಪರದೆಯ ಹಿಂದೆ ಮಣೆಯ ಮೇಲೆ ಕೂತು ದನಿ ಕೊಡಬೇಕು, ಅಷ್ಟೇ. ಆ ಮಣೆ ಹಾಕಿ ಅದರ ಮೇಲೆ ಒಂದು ಕಡ್ಡಿ ಮರುಗ ಇಡುವುದು ರಾಕ್ಷಸನ ಮನೆಯವರ ಕೆಲಸ. ರಂಗದ ಮೇಲೆ ಪರದೆಯ ಕಡೆ ಮುಖ ಮಾಡಬಲ್ಲವನೂ ರಾಕ್ಷಸ ಒಬ್ಬನೇ. ಆಟ ಮುಗಿದ ಮೇಲೆ ಗೌಡರು ಬಣ್ಣ ಹಚ್ಚಿದವರನ್ನೆಲ್ಲ ಹೆಸರು ಹಿಡಿದು ಕರೆದು ಎಲೆ ಅಡಿಕೆ ಕೊಡುತ್ತಿದ್ದರು. ಚಿದಾನಂದಪ್ಪನನ್ನು ಕರೆಯುತ್ತಿರಲಿಲ್ಲ. "ಇಲ್ಲದಾಕಿಗೆ ಎಲಿ ಅಡಿಕಿ ಯಾಕ" ಎಂದು ಆತ ನಗುತ್ತಿದ್ದ. ಅದು ಆತನಿಗೆ ಹೆಮ್ಮೆಯ ಮಾತು.

ಆತ ಸತ್ತಾಗ ಮಾತ್ರ ಆ ಹೆಮ್ಮೆ ಮಗಳಿಗೆ ಚುಚ್ಚಿತು. ಆತನ ದನಿಗೆ ಕಣ್ಣೀರು ಹಾಕಿದ್ದ ಪಕ್ಕದ ಊರಿನ ಹೆಂಗಸರು ಮಣ್ಣಿಗೆ ಬಂದು, "ಇವರು ಯಾವ ವೇಷ ಹಾಕ್ತಿದ್ರವ್ವ?" ಎಂದು ಕೇಳಿದ್ದರು. ಅಷ್ಟರಲ್ಲಾಗಲೇ ದನಿ ಮಗಳಿಗೆ ಬಂದಿತ್ತು. ಗಂಡು ಸಂತಾನವಿಲ್ಲದ ಮನೆ. ಕೆಮ್ಮು ಹೆಚ್ಚಾಗಿ ಅಪ್ಪನ ಉಸಿರು ಕಟ್ಟಿದ ಒಂದು ಆಟದಲ್ಲಿ ಪಕ್ಕದಲ್ಲಿ ಕೂತಿದ್ದ ಈಕೆ ಮಾತನ್ನು ಎತ್ತಿಕೊಂಡಿದ್ದಳು. ಹೊರಗೆ ಕೂತವರಿಗೆ ವ್ಯತ್ಯಾಸವೇ ತಿಳಿಯಲಿಲ್ಲವಂತೆ. ಅಪ್ಪ ಕಲಿಸಿದ್ದು ಎರಡೇ. "ರಾಕ್ಷಸನ ಗೆಜ್ಜಿ ನಿಂತ ಮ್ಯಾಲೆ ಉಸಿರು ತಗೋ, ಆಮ್ಯಾಲೆ ಮಾತು. ಅವ ಎಷ್ಟು ಕುಣೀತಾನೋ ಕುಣೀಲಿ, ನೀ ಕಾಯಬೇಕು." ಎರಡನೆಯದು: "ಮುಖ ತೋರಿಸಬ್ಯಾಡ. ತೋರಿಸಿದ ದಿನ ನಮ್ಮ ಮನಿ ಪಾಲು ಮುಗೀತು."

ಬಿಡುಗಡೆಯ ಪ್ರಸಂಗದ ಮಾತು ಎಲ್ಲಿ ಅಂತ ಕೇಳಿದಾಗ ಅಪ್ಪ, "ಅದು ನಮ್ಮ ಮನ್ಯಾಗಿಲ್ಲ" ಎಂದಿದ್ದ. ಕಳೆದುಹೋಗಿದೆ ಎಂದೇ ಆಕೆ ತಿಳಿದುಕೊಂಡಳು.

ಈ ವರ್ಷ ಮೀನಾಗೆ ಗಂಗಾವತಿ ಕಡೆ ಮದುವೆಯಾಗಿ ಹೋಯಿತು. ಆಕೆಯ ಮಷೀನಿಗೆ ಬಂದ ಹುಡುಗಿ ಕಿವಿಗೆ ವೈರು ಸಿಕ್ಕಿಸಿಕೊಂಡು ಊಟ ಮಾಡುತ್ತಾಳೆ. ಸುಧಾರಾಣಿ ಈಗ ಏಳು ಬಾವಿ ಸೀಮೆಯನ್ನು ಮಷೀನಿನ ಸದ್ದಿನೊಳಗೆ ತಾನೇ ಹೇಳಿಕೊಂಡು ತಾನೇ ಕೇಳುತ್ತಾಳೆ. ಭಾನುವಾರ ಶೆಡ್ಡಿಗೆ ರಜೆ. ಕೆಲವು ಭಾನುವಾರ ಸಂಜೆಯಾಗುವವರೆಗೆ ಬಾಯಿ ತೆರೆದೇ ಇರುವುದಿಲ್ಲ. ಹಾಲಿನವನಿಗೆ "ಅರ್ಧ ಲೀಟರ್" ಅಂದಾಗ ತನ್ನ ದನಿ ತನಗೇ ಹೊಸದಾಗಿ ಕೇಳಿಸುತ್ತದೆ. ಲೋಕದಲ್ಲಿ ಆಕೆಯ ಮಾತಿಗಾಗಿ ಯಾರಾದರೂ ಸುಮ್ಮನೆ ಕಾದು ಕೂರುವ ಜಾಗವೊಂದಿದ್ದರೆ ಅದು ಆ ಪರದೆಯ ಹಿಂದಿನ ಮಣೆ. ಆಟ ನಿಂತು ಎಂಟೊಂಬತ್ತು ವರ್ಷವಾಗಿತ್ತು. ಇನ್ನೊಂದೇ ಒಂದು ಸಲ ಅದರ ಮೇಲೆ ಕೂರಬೇಕು ಎನ್ನುವುದೇ ಆಕೆಗಿದ್ದ ಆಸೆ. ಬೇರೆ ಆಸೆಗಳನ್ನು ಒಂದೊಂದಾಗಿ ಬಿಟ್ಟಾಗಿತ್ತು.

ಹಾಗಿರುವಾಗ ಒಂದು ಮಧ್ಯಾಹ್ನ ರಂಗಣ್ಣ ಮಾಸ್ತರ ಫೋನು ಬಂತು. ಆಟ ಕಲಿಸಿ ಹಾರ್ಮೋನಿಯಂ ಹಿಡಿಯುವವರು ಅವರೇ.

"ಸುಧವ್ವ, ಕುರುಗೋಡಿನ ಸಮುದಾಯ ಭವನದಾಗ ಆಟ ಇಟ್ಟೀವಿ. ಬರೋ ಭಾನುವಾರ, ಹಗಲೊತ್ನಾಗ. ಈಗ ರಾತ್ರಿಯೆಲ್ಲ ಯಾರು ಕುಂತಾರು? ಮೂರು ತಾಸಿಗೆ ಇಳಿಸೀನಿ."

"ಮೂರು ತಾಸಿಗೇನ್ರಿ ಮಾಸ್ತರ? ಕುದುರಿ?"

"ಕುದುರಿ ತೆಗೆದೆ. ಮುದುಕೀನ್ನೂ ತೆಗೆದೆ. ಯುದ್ಧ ಐತಿ. ಮರುಗಾವತಿ ಮಾತು ಮೂರು ಇಟ್ಟೀನಿ."

ಸುಧಾರಾಣಿಯ ಎದೆ ಹಗುರಾಯಿತು. ಕುದುರೆ ಹೋದರೆ ಹೋಗಲಿ. "ಶನಿವಾರ ಸಂಜಿನ ಬರ್ತೀನ್ರಿ" ಎಂದಳು.

"ಅದನ್ನ ಹೇಳಾಕ ಫೋನ್ ಮಾಡಿದ್ದು. ನೀ ಬರೋದು ಬ್ಯಾಡ" ಎಂದರು ಮಾಸ್ತರು, ತುಂಬ ಪ್ರೀತಿಯಿಂದ. "ಹೆಂಗೂ ಕಾಣೋ ವೇಷ ಅಲ್ಲ. ಸುಮ್ನ ಬಸ್ಸು, ತ್ರಾಸು. ಆ ಮೂರು ಮಾತು ಫೋನ್ನಾಗ ಹೇಳಿ ಕಳಿಸಿಬಿಡು. ಮೈಕ್ ಸೆಟ್ ಹುಲುಗೇಶ ಸರಿಯಾದ ಟೈಮಿಗೆ ಹಚ್ತಾನ. ನಿನಗೂ ರೆಸ್ಟ್ ಆತು."

ಮಾಸ್ತರು ಕೆಟ್ಟವರಲ್ಲ. ಒಳ್ಳೆಯವರು ಮಾಡುವ ಗಾಯಕ್ಕೆ ಜಗಳ ತೆಗೆಯಲೂ ಬರುವುದಿಲ್ಲ, ಅದೇ ಕಷ್ಟ. ಸುಧಾರಾಣಿ "ಆಗ್ಲಿರಿ" ಎಂದು ಫೋನಿಟ್ಟಳು. ಆ ದಿನ ಲೂಪುಗಳನ್ನು ತಲೆಕೆಳಗಾಗಿ ಹೊಲಿದು ಮೇಸ್ತ್ರಿಯಿಂದ ಬೈಸಿಕೊಂಡಳು.

ಸಂಜೆ ಕೋಣೆಯ ಬಾಗಿಲು ಹಾಕಿ, ಫ್ಯಾನು ಆರಿಸಿ, ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಕೂತಳು. ಮೊದಲ ಸಲ ಕೆಳಗಿನ ಮನೆಯ ಕುಕ್ಕರು ಕೂಗಿತು. ಎರಡನೆಯ ಸಲ ನಾಯಿ ಬೊಗಳಿತು. ಮೂರನೆಯ ಸಲ ಏನೂ ಅಡ್ಡ ಬರಲಿಲ್ಲ, ಆಕೆಗೇ ಮಾತು ಬರಲಿಲ್ಲ. ಮರುಗಾವತಿಯ ಮೊದಲ ಮಾತು ಎಲ್ಲರಿಗೂ ಗೊತ್ತಿದ್ದದ್ದೇ. ಬಯಲಾಟದಲ್ಲಿ ರಂಗಕ್ಕೆ ಯಾರೇ ಬರಲಿ, ಆಟ ನಡೆಸಿಕೊಡುವ ಸಾರಥಿ ಕೇಳಬೇಕು: ತಾವು ಯಾರು, ತಮ್ಮ ನಾಮಾಂಕಿತವೇನು? ರಾಜರು, ರಾಕ್ಷಸರು ಎದೆ ತಟ್ಟಿ ಉದ್ದುದ್ದ ಬಿರುದು ಹೇಳುತ್ತಾರೆ. ಮರುಗಾವತಿ ಹೇಳುವುದು ಎರಡೇ ಪದ, "ನಾನು ಇಲ್ಲದವಳು." ಪರದೆಯ ಹಿಂದೆ ಕೂತು ಹೇಳಿದಾಗ ಅದು ವೇಷದ ಮಾತಾಗಿತ್ತು. ಖಾಲಿ ಕೋಣೆಯಲ್ಲಿ ಅಕ್ಕಿ ಡಬ್ಬಿಯ ಮುಂದೆ ಹೇಳಲು ಹೋದರೆ ನಾಲಿಗೆ ಏಳಲಿಲ್ಲ. ಆದರೂ ಹೇಳಿದಳು. ಕಣ್ಣೊರೆಸಿಕೊಂಡು, ಮೂರನ್ನೂ ಹೇಳಿ, ಮಾಸ್ತರಿಗೆ ಕಳಿಸಿದಳು. "ಸೂಪರ್" ಎಂದು ಉತ್ತರ ಬಂತು, ಜೊತೆಗೆ ಕೈ ಮುಗಿದ ಚಿತ್ರ.

ಭಾನುವಾರ ಬೆಳಿಗ್ಗೆ ಆಕೆ ಬಟ್ಟೆ ನೆನೆಸಿದ್ದಳು. ಆಮೇಲೆ ನೆನೆಸಿದ ಬಟ್ಟೆಯನ್ನು ಅಲ್ಲಿಯೇ ಬಿಟ್ಟು, ದಿನಾ ಶೆಡ್ಡಿಗೆ ಉಡುವ ಸೀರೆಯಲ್ಲೇ ಬಸ್ ಸ್ಟ್ಯಾಂಡಿಗೆ ನಡೆದಳು. ಅಷ್ಟಕ್ಕೂ ಈ ಆಟವನ್ನು ಎದುರಿನಿಂದ ಆಕೆ ಒಮ್ಮೆಯೂ ನೋಡಿರಲಿಲ್ಲ. ಹುಟ್ಟಿದಂದಿನಿಂದ ಪರದೆಯ ಹಿಂದಿನಿಂದ ಕೇಳಿದ್ದೇ. ಎಲ್ಲರ ಹಾಗೆ ಕುರ್ಚಿಯಲ್ಲಿ ಕೂತು ನೋಡಿ ಬರೋಣ, ನನ್ನ ಗುರುತು ಯಾರಿಗಿದೆ ಎಂದುಕೊಂಡಳು. ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ ಎನ್ನುತ್ತಾರಲ್ಲ, ಆದರೆ ಕುರುಗೋಡು ಬಸ್ಸು ಹತ್ತಿದಾಗ ಆಕೆಯ ಮನಸ್ಸಿನಲ್ಲಿ ನಿಜಕ್ಕೂ ಕುರ್ಚಿಯೇ ಇತ್ತು.

ಭವನದಲ್ಲಿ ಜನ ಅಲ್ಲಲ್ಲಿ ಕೂತಿದ್ದರು. ಆಟಕ್ಕೆ ಇನ್ನೂ ಹೊತ್ತಿತ್ತು. ಪಕ್ಕದ ಬಾಗಿಲು ತೆರೆದಿತ್ತು, ಅರದಾಳದ ಬಣ್ಣದ ವಾಸನೆ ಬಂತು, ಕಾಲುಗಳು ಅತ್ತ ನಡೆದವು. ಒಳಗೆ ಒಬ್ಬರಿಗೊಬ್ಬರು ಮೀಸೆ ಬರೆದುಕೊಳ್ಳುತ್ತಿದ್ದರು. ಹೆಚ್ಚಿನವರು ಹೊಸಬರು. ಯಾರೂ ತಲೆಯೆತ್ತಲಿಲ್ಲ. ಮಾಸ್ತರು ಹೊರಗೆ ಯಾರ ಜೊತೆಯೋ ಕುರ್ಚಿಯ ವಿಷಯಕ್ಕೆ ಜಗಳವಾಡುತ್ತಿದ್ದುದು ಕೇಳಿಸುತ್ತಿತ್ತು. ಸುಧಾರಾಣಿ ಒಳಪರದೆಯ ಹಿಂದಕ್ಕೆ ಹೋದಳು, ಸುಮ್ಮನೆ ಒಂದು ಸಲ ನೋಡಿ ಬರಲು.

ಅಲ್ಲಿ ಮಣೆ ಇತ್ತು.

ಅದೇ ಹಳೆಯ ಮಣೆ, ಒಂದು ಮೂಲೆ ಸೀಳಿದ್ದು. ಅದರ ಮೇಲೆ ಒಂದು ಕಡ್ಡಿ ಮರುಗ, ಪಕ್ಕದಲ್ಲಿ ತಂಬಿಗೆಯಲ್ಲಿ ನೀರು. ಮಣೆಯಿಂದ ಮಾರು ದೂರದಲ್ಲಿ ಮೈಕ್ ಸೆಟ್ಟಿನ ಹುಲುಗೇಶ ಸ್ಟೂಲಿನ ಮೇಲೆ ಫೋನು ಇಟ್ಟು, ಅದರ ಬಾಯಿಗೆ ಮೈಕು ಹಿಡಿಸಿ ದಾರದಿಂದ ಕಟ್ಟುತ್ತಿದ್ದ.

"ಈ ಮಣಿ ಯಾರಿಟ್ರಪ್ಪ?" ಎಂದು ಕೇಳಿದಳು.

"ರಾಕ್ಷಸನ ವೇಷದ ವಿರೂಪಾಕ್ಷಣ್ಣ" ಎಂದ ಹುಲುಗೇಶ, ಗಂಟು ಬಿಗಿಯುತ್ತಲೇ. "ಆಕಿ ಬರಂಗಿಲ್ಲ, ಫೋನ್ನಾಗ ಐತಿ, ಯಾರೂ ಕುಂದ್ರಂಗಿಲ್ಲ ಅಂತ ಎಷ್ಟು ಹೇಳಿದ್ವಿ. ಗೊತ್ತೈತಿ ಬಿಡೋ ಅಂತಾನ, ಮತ್ತ ಇಡ್ತಾನ. ಪಾಪ, ಸಕ್ಕರಿ ಕಾಯಿಲಿಗೆ ಎರಡೂ ಕಣ್ಣು ಹೋಗ್ಯಾವ. ನೆಲಾ ತಡವಿ ತಡವಿ ಇಟ್ಟು ಹೋದ."

ವಿರೂಪಾಕ್ಷಿಯ ಕಣ್ಣು ಹೋಗಿದ್ದು ಸುಧಾರಾಣಿಗೆ ಗೊತ್ತಿರಲಿಲ್ಲ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ ಎತ್ತರದ ಆಳು ಆತ. ಅಪ್ಪನ ಜೊತೆ ಬೀಡಿ ಸೇದುತ್ತ ಕೂರುತ್ತಿದ್ದ, ಈಕೆಯನ್ನು ತಂಗೀ ಎನ್ನುತ್ತಿದ್ದ. ಹೋಗಿ ಮಾತಾಡಿಸಬೇಕು ಅನಿಸಿತು. ಆದರೆ ಮಣೆಯಿಂದ ಕಣ್ಣು ಕೀಳಲಾಗಲಿಲ್ಲ. ಮೀನಾ ಕೇಳಿದ್ದು ನೆನಪಾಯಿತು: ಇಲ್ಲ ಅಂತ ಗೊತ್ತಾದ ಮೇಲೆ ಯಾರಕ್ಕ ಜಾಗ ಬಿಡ್ತಾರ? ಇಷ್ಟು ವರ್ಷದಲ್ಲಿ ಆಕೆಯ ಹೆಸರಿನಲ್ಲಿ ಯಾರೂ ಏನನ್ನೂ ಎತ್ತಿಟ್ಟಿರಲಿಲ್ಲ. ಮರುಗದ ಕಡ್ಡಿಯನ್ನು ಮುಡಿಗೆ ಸಿಕ್ಕಿಸಿಕೊಂಡು, ಮಣೆಯ ಮೇಲೆ ಕೂತಳು.

ಹುಲುಗೇಶ ಈಗ ತಿರುಗಿ ನೋಡಿದ. "ಇಲ್ಲಿ ಕುಂದ್ರಬ್ಯಾಡ್ರಿ ಅಮ್ಮ. ನೀವ್ಯಾರ್ರಿ?"

ಆಕೆ ಸ್ಟೂಲಿನ ಕಡೆ ಕೈ ತೋರಿಸಿ, "ನಾ ಆ ಫೋನ್ನಾಗಿನಾಕಿ" ಎಂದಳು.

ಹುಲುಗೇಶ ಫೋನನ್ನೂ ಆಕೆಯನ್ನೂ ನೋಡಿದ. ಬುದ್ಧಿವಂತ. ಗಂಟು ಬಿಚ್ಚಿ ಮೈಕನ್ನು ಆಕೆಯ ಬಾಯಿಗೆ ಸರಿಯಾಗಿ ಇಳಿಸಿದ. "ಮಾಸ್ತರಿಗೆ ಹೇಳ್ಲೇನ್ರಿ?"

"ಬ್ಯಾಡ."

ಆಟ ಶುರುವಾಯಿತು. ರಾಜ ಬಂದ, ಮಂತ್ರಿ ಬಂದ, ಯುದ್ಧ ನಾಲ್ಕೇ ಏಟಿನಲ್ಲಿ ಮುಗಿಯಿತು. ಮಾಸ್ತರು ಕತ್ತರಿಸಿದ ಕಥೆ ಎಷ್ಟು ಬೇಗ ಓಡುತ್ತಿತ್ತೆಂದರೆ ಜನ ಕಡಲೆಕಾಯಿ ಬಿಡಿಸಿ ಮುಗಿಯುವ ಮೊದಲೇ ಶಾಪ ಬಂದುಬಿಟ್ಟಿತು. ಪರದೆಯ ಸಣ್ಣ ನೆರಿಗೆಯ ಸಂದಿಯಿಂದ ಸುಧಾರಾಣಿಗೆ ಕಂಡದ್ದು ವಿರೂಪಾಕ್ಷಿಯ ಬೆನ್ನು ಮಾತ್ರ. ಭುಜಕೀರ್ತಿ ಜಾರುವಷ್ಟು ಸಣ್ಣಗಾಗಿದ್ದ. ಸಾರಥಿಯ ವೇಷದ ಹಂಪೇಶ ಆತನ ಮೊಣಕೈ ಹಿಡಿದು ನಡೆಸಿ, ಯಾರಿಗೂ ಗೊತ್ತಾಗದ ಹಾಗೆ ಬಿಟ್ಟು ಸರಿದ.

ಹಂಪೇಶ ಪರದೆಯ ಕಡೆ ಕೈ ಚಾಚಿದ. "ಭಳಿರೇ, ರೂಪವಿಲ್ಲ, ನೆರಳಿಲ್ಲ, ಮರುಗದ ಕಂಪು ಮಾತ್ರ ಬರುತ್ತಿದೆ. ತಾವು ಯಾರು? ತಮ್ಮ ನಾಮಾಂಕಿತವೇನು?"

ಆ ಪ್ರಶ್ನೆಯಾದ ಮೇಲೆ ರಾಕ್ಷಸ ಒಂದು ಸುತ್ತು ಕುಣಿಯಬೇಕು, ಗೆಜ್ಜೆ ನಿಲ್ಲಬೇಕು, ಆಮೇಲೆ ದನಿ. ಫೋನಾಗಿದ್ದರೆ ಹುಲುಗೇಶ ಗುಂಡಿ ಒತ್ತಿದ ಕೂಡಲೇ ಮಾತು ಬಂದು ಗೆಜ್ಜೆಯ ಮೇಲೆಯೇ ಬೀಳುತ್ತಿತ್ತು. ವಿರೂಪಾಕ್ಷಿಯೂ ಅದನ್ನೇ ನಿರೀಕ್ಷಿಸಿದ್ದಿರಬೇಕು, ಅರೆಮನಸ್ಸಿನಿಂದ ಕಾಲು ಎತ್ತಿಟ್ಟ. ಮಾತು ಬರಲಿಲ್ಲ. ಇನ್ನೊಂದು ಸುತ್ತು ಹಾಕಿದ. ಬರಲಿಲ್ಲ. ಮಾಸ್ತರು ಹಾರ್ಮೋನಿಯಂ ಮೇಲಿನಿಂದ ಕತ್ತು ಚಾಚಿ ಹುಲುಗೇಶನನ್ನು ಹುಡುಕಿದರು. ವಿರೂಪಾಕ್ಷಿ, ಆ ಕಡೆ ಕಾಯುವವರಿದ್ದಾರೋ ಎಂದು ಪರೀಕ್ಷಿಸುವವನ ಹಾಗೆ, ಬೇಕೆಂದೇ ಎಡಗಾಲನ್ನು ಒಂದೇ ಸಲ ಝಲ್ಲೆನಿಸಿದ, ಇದಾವ ಹೊಸ ಹೆಜ್ಜೆ ಅಂತ ಮದ್ದಳೆಯವನೇ ತಬ್ಬಿಬ್ಬಾದ. ಪರದೆಯ ಹಿಂದೆ ಸುಧಾರಾಣಿ ಕಾದಳು. ಗೆಜ್ಜೆ ಪೂರ್ತಿ ನಿಂತಿತು. ಆಕೆ ಉಸಿರು ತೆಗೆದುಕೊಂಡಳು.

"ನಾನು ಇಲ್ಲದವಳು."

ವಿರೂಪಾಕ್ಷಿ ಪರದೆಯ ಕಡೆ ತಿರುಗಿದ. ಸಂದಿಯಿಂದ ಆಕೆಗೆ ಆ ಮುಖ ಆ ದಿನ ಮೊದಲ ಸಲ ಎದುರಿನಿಂದ ಕಂಡಿತು. ಕೆಂಪು, ಕಪ್ಪು, ಮೂಗಿನ ಮೇಲೆ ಬಿಳಿಯ ಬೊಟ್ಟು. ಅದರ ನಡುವೆ ಎಲ್ಲೂ ನಿಲ್ಲದ ಎರಡು ಕಣ್ಣು. ಇಲ್ಲಿ ಆತ ಅಟ್ಟಹಾಸ ಮಾಡಿ ಹೊರಟುಹೋಗಬೇಕಿತ್ತು. ಮಾಡಲಿಲ್ಲ. ಕೈಯಾಡಿಸಿ ರಂಗದ ನಡುವಿದ್ದ ಬೆಂಚು ಹುಡುಕಿ ಕೂತ. ಪೂರಾ ಬೆಂಚು ಖಾಲಿ ಇತ್ತು, ಆತ ಕೂತದ್ದು ಒಂದು ತುದಿಯಲ್ಲಿ.

"ಎಲೈ ಸಾರಥಿ" ಎಂದ. ದನಿ ಮಾತ್ರ ಹಳೆಯದೇ, ಗಿರಣಿಯ ಸದ್ದನ್ನು ಮೀರಿ ಬೆಳೆದ ದನಿ. "ಆರು ಬಾವಿಗಳೂ ಬತ್ತಿ ನಾ ಕಾಯುವ ಏಳನೆಯದರಂತಾದವು. ಕಾಯಲು ಎನಗೇನೂ ಉಳಿಯಲಿಲ್ಲ. ಅವಳನ್ನು ನೋಡಬಲ್ಲ ಕಣ್ಣುಗಳು ಲೋಕದಲ್ಲಿ ಎರಡೇ ಇದ್ದವು. ಅವೂ ಮುಪ್ಪಿಗೆ ಆರಿದವು. ಇದ್ದಾಳೋ, ಹೋದಳೋ ತಿಳಿಯದು. ಹೋಗಿಯೇ ಇರಬೇಕು. ಇಷ್ಟು ಕಾಲ ಯಾರಿಗಾಗಿ ಇದ್ದಾಳು? ಆದರೂ ಕೂರುವಾಗ ಅರ್ಧ ಪೀಠ ಬಿಟ್ಟೇ ಕೂರುತ್ತೇನೆ."

ಮಾಸ್ತರ ಬೆರಳುಗಳು ಹಾರ್ಮೋನಿಯಂ ಮೇಲೆ ಹಾಗೆಯೇ ನಿಂತವು. ಈ ಮಾತನ್ನು ಅವರೂ ಕೇಳಿರಲಿಲ್ಲ. ಸುಧಾರಾಣಿಗೆ ಮಾತ್ರ ಎಲ್ಲ ಒಟ್ಟಿಗೆ ತಿಳಿಯಿತು. ಬಿಡುಗಡೆಯ ಪ್ರಸಂಗ ಕಳೆದುಹೋಗಿರಲಿಲ್ಲ. ಅದು ರಾಕ್ಷಸನ ಮನೆಯಲ್ಲಿತ್ತು. ಅಪ್ಪ ಇದ್ದದ್ದನ್ನೇ ಹೇಳಿದ್ದ, ಈಕೆ ಆ ಮನೆಯ ಬಾಗಿಲಿಗೆ ಹೋಗಿ ಕೇಳಲಿಲ್ಲ. ಬೆಳಗಾಗಿ ಮಂಗಳ ಹಾಡುತ್ತಿದ್ದುದರಿಂದ ಆ ಮನೆಯವರು ತಲೆಮಾರುಗಟ್ಟಲೆ ಈ ಮಾತನ್ನು ಬಾಯಲ್ಲಿಟ್ಟುಕೊಂಡೇ ಸತ್ತಿದ್ದರು. ಜಾಗ ಬಿಟ್ಟವನು ರಾಜಕುಮಾರನಲ್ಲ. ಶಾಪ ಕೊಟ್ಟು, ಜೀವನಪೂರ್ತಿ ಅವಳೊಬ್ಬಳನ್ನೇ ನೋಡಿ, ಕೊನೆಗೆ ಅದೂ ಇಲ್ಲದಾದವನು.

ವಿರೂಪಾಕ್ಷಿ ಪರದೆಯ ಕಡೆ ಮುಖವೆತ್ತಿದ. "ಮರುಗಾ, ಇರುವೆಯಾ?"

ಇದಕ್ಕೆ ಆಕೆಯ ಮನೆಯಲ್ಲಿ ಉತ್ತರವಿರಲಿಲ್ಲ. ಅಪ್ಪ ಕೊಟ್ಟ ಮಾತುಗಳನ್ನೆಲ್ಲ ಒಳಗೇ ತಡಕಿದಳು. ಎಲ್ಲವೂ ಇಲ್ಲದವಳ ಮಾತುಗಳೇ. ಹಂಪೇಶ ಪರದೆಯನ್ನೇ ನೋಡುತ್ತಿದ್ದ. ಹುಲುಗೇಶ ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಈಕೆಯ ಮುಖ ನೋಡುತ್ತಿದ್ದ. ಅಷ್ಟೂ ಜನ ಆಕೆಯ ಮಾತಿಗಾಗಿ ಕಾಯುತ್ತಿದ್ದರು. ಆಕೆ ಬೇಡಿಕೊಂಡಿದ್ದದ್ದು ಇಷ್ಟೇ, ಸಿಕ್ಕಿತ್ತು. ಆಟದ ಭಾಷೆಯಲ್ಲಿ ಒಂದು ಪದವೂ ಹೊಳೆಯದೆ, ಮನೆಯಲ್ಲಿ ಯಾರಾದರೂ ಕೂಗಿದರೆ ಓಗೊಡುವ ಹಾಗೆ ಹೇಳಿಬಿಟ್ಟಳು.

"ಅದೀನಿ."

ಹೇಳಿದ ಮೇಲೆ ಅಲ್ಲಿ ಕೂತಿರಲಾಗಲಿಲ್ಲ. ಮುಖ ತೋರಿಸಿದ ದಿನ ನಮ್ಮ ಮನಿ ಪಾಲು ಮುಗೀತು ಎಂದ ಅಪ್ಪನ ಮಾತು ನೆನಪಿತ್ತು. ನೆನಪಿದ್ದೇ ಎದ್ದಳು. ಪರದೆಯ ಅಂಚನ್ನು ಎತ್ತಿ ಹಿಡಿದು ಬೆಳಕಿಗೆ ಬಂದಳು. ಬಣ್ಣವಿಲ್ಲ, ಕಿರೀಟವಿಲ್ಲ. ಮಾಸಿದ ಸೀರೆಯ ಸೆರಗಿಗೆ ಜೀನ್ಸಿನ ನೀಲಿ ನೂಲು ಅಂಟಿಕೊಂಡಿತ್ತು. ನೂರಾರು ಕಣ್ಣುಗಳು ಆಕೆಯ ಮೇಲೆ ಬಿದ್ದವು. ಬೆಂಚಿನವರೆಗೆ ನಡೆದು, ಬಿಟ್ಟಿದ್ದ ಜಾಗದಲ್ಲಿ ಕೂತಳು.

ಭವನದಲ್ಲಿದ್ದವರೆಲ್ಲ ಆಕೆಯನ್ನು ನೋಡಿದರು. ಪಕ್ಕದಲ್ಲಿದ್ದವನೊಬ್ಬ ಮಾತ್ರ ನೋಡಲಿಲ್ಲ. ಆತ ಮೂಗಿನಿಂದ ಗಾಳಿ ಎಳೆದು, ಬಣ್ಣ ಹಚ್ಚಿದ ಕೈಯನ್ನು ನಿಧಾನಕ್ಕೆ ಚಾಚಿ, ಆಕೆಯ ಮುಡಿಯ ಮರುಗವನ್ನು ಮುಟ್ಟಿದ. ಕೈಯನ್ನು ಅಲ್ಲಿಯೇ ಇಟ್ಟು, ಮೈಕಿಗೆ ಕೇಳದಷ್ಟು ಸಣ್ಣದಾಗಿ, "ಬಸ್ಸಿಗೆ ಬಂದೇನು ತಂಗೀ?" ಎಂದ.

"ಹೌದಣ್ಣ."

"ಒಬ್ಬಾಕಿನ?"

"ಒಬ್ಬಾಕಿನ."

ಮಾಸ್ತರಿಗೆ ಮಂಗಳ ಹಾಡಬೇಕೋ ಬೇಡವೋ ತಿಳಿಯಲಿಲ್ಲ. ಹಂಪೇಶನಿಗೂ ಏನೂ ತಿಳಿಯಲಿಲ್ಲ. ಆದರೆ ಸಾರಥಿಯಾದವನಿಗೆ ಒಂದು ಮಾತು ಯಾವಾಗಲೂ ಬರುತ್ತದೆ. ರಂಗಕ್ಕೆ ಹೊಸಬರು ಯಾರೇ ಬರಲಿ, ಕೇಳಲೇಬೇಕು. ಆತ ಎರಡು ಹೆಜ್ಜೆ ಮುಂದೆ ಬಂದು, ಬಗ್ಗಿ, ರಾಜರಿಗೆ ಕೇಳುವ ಗತ್ತಿನಲ್ಲೇ ಕೇಳಿದ.

"ತಾವು ಯಾರು? ತಮ್ಮ ನಾಮಾಂಕಿತವೇನು?"

ಆಕೆ ಗೆಜ್ಜೆ ನಿಲ್ಲಲೆಂದು ಕಾದಳು. ಗೆಜ್ಜೆ ಆಗಲೇ ನಿಂತಿತ್ತು. ಉಸಿರು ತೆಗೆದುಕೊಂಡಳು.

"ಸುಧಾರಾಣಿ" ಎಂದಳು. "ಚಿದಾನಂದಪ್ಪನ ಮಗಳು. ಪಾರ್ವತಿನಗರದಾಗ ಇರ್ತೀನಿ."